ಮುತ್ತಾತನಿಂದಾಚೆಗೆ: ವಾಷಿಂಗ್‌ಟನ್ನನ ವಂಶಶೋಧನೆಯ ಕಥೆ

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಶ್ರಾದ್ಧದ ದಿನ ಪುರೋಹಿತರು ಕರ್ತೃವಿನ ಬಾಯಿಂದ ಮೂವರ ಹೆಸರುಗಳನ್ನು ಹೇಳಿಸುತ್ತಾರೆ: ತಂದೆ, ತಾತ, ಮುತ್ತಾತ. ಅಲ್ಲಿಗೆ ಪಿಂಡಗಳೂ ಮುಗಿಯುತ್ತವೆ, ನಮ್ಮ ಜ್ಞಾಪಕವೂ ಮುಗಿಯುತ್ತದೆ. ನಾಲ್ಕನೆಯವರು ಯಾರೆಂದು ಕೇಳಿದರೆ ಮನೆಯ ಹಿರಿಯರು ಸಹ ಒಂದೇ ನೆಗೆತಕ್ಕೆ ಗೋತ್ರದ ಋಷಿಯ ಬಳಿಗೆ ಹೋಗಿಬಿಡುತ್ತಾರೆ. ಮುತ್ತಾತನಿಗೂ ಋಷಿಗೂ ನಡುವೆ ಯಾರೂ ಹುಟ್ಟಿ ಸತ್ತೇ ಇರಲಿಲ್ಲವೇನೋ ಎಂಬಂತೆ.

ಈ ಮರೆವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದೆಂದು ನಾವು ನಾಚಿಕೊಳ್ಳಬೇಕಾಗಿಲ್ಲ. 1791ನೆಯ ಇಸವಿಯ ಕೊನೆಯಲ್ಲಿ ಲಂಡನ್ನಿನಿಂದ ಸರ್ ಐಸಾಕ್ ಹರ್ಡ್ ಎಂಬ ಅಧಿಕಾರಿಯೊಬ್ಬನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಜಾರ್ಜ್ ವಾಷಿಂಗ್‌ಟನ್ನನಿಗೆ ಒಂದು ಪತ್ರ ಬರೆದು, ತಮ್ಮ ಪೂರ್ವಿಕರು ಇಂಗ್ಲೆಂಡಿನ ಯಾವ ಊರಿನವರೆಂದು ವಿನಯದಿಂದ ವಿಚಾರಿಸಿದನು. ಇಂಗ್ಲೆಂಡಿನ ಮನೆತನಗಳ ಲಾಂಛನಗಳನ್ನೂ ವಂಶಾವಳಿಗಳನ್ನೂ ನಿರ್ಣಯಿಸುವ ರಾಜಕಚೇರಿಗೆ ಹರ್ಡನು ಮುಖ್ಯಸ್ಥ. ಆತನ ಹೆಂಡತಿ ಅಮೆರಿಕಾದ ಬಾಸ್ಟನ್ನಿನವಳು. ಅವಳ ಮೊದಲ ಗಂಡನ ಮಗನೇ ಮುಂದೆ ದೆಹಲಿಯಲ್ಲಿ ರೆಸಿಡೆಂಟನಾಗಿ, ಕಲ್ಕತ್ತೆಯ ಮೈದಾನದ ಎತ್ತರದ ಕಂಬಕ್ಕೆ ಬಹುಕಾಲ ತನ್ನ ಹೆಸರನ್ನು ಕೊಟ್ಟಿದ್ದ ಜನರಲ್ ಆಕ್ಟರ್ಲೋನಿ. ವಾಷಿಂಗ್‌ಟನ್ನನು 1792ರ ಮೇ ತಿಂಗಳಲ್ಲಿ ಉತ್ತರ ಬರೆದನು. ಯಾರ್ಕ್‌ಟೌನಿನಲ್ಲಿ ತನಗೆ ಸೋತು ಶರಣಾಗಿದ್ದ ಕಾರ್ನ್‌ವಾಲಿಸನು ಆ ಹೊತ್ತಿಗೆ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮುಗಿಸಿ, ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಬರೆಸಿಕೊಂಡು ಎರಡು ತಿಂಗಳೂ ಕಳೆದಿರಲಿಲ್ಲ.

ಉತ್ತರ ಚಿಕ್ಕದು, ಪ್ರಾಮಾಣಿಕವಾದುದು. ಈ ವಿಷಯಕ್ಕೆ ತಾನು ಹೆಚ್ಚು ಗಮನ ಕೊಟ್ಟಿಲ್ಲವೆಂದು ಆತನು ಒಪ್ಪಿಕೊಂಡನು. ತಂದೆ ಅಗಸ್ಟೀನ್, ತಾತ ಲಾರೆನ್ಸ್, ಮುತ್ತಾತ ಜಾನ್. ಈ ಜಾನನೂ ಅವನ ತಮ್ಮ ಲಾರೆನ್ಸನೂ 1657ರ ಸುಮಾರಿಗೆ ವರ್ಜೀನಿಯಾಕ್ಕೆ ಬಂದವರು. ಅವರು ಇಂಗ್ಲೆಂಡಿನ ಉತ್ತರದ ಸೀಮೆಯವರೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಲ್ಯಾಂಕಷೈರೋ, ಯಾರ್ಕ್‌ಷೈರೋ, ಇನ್ನೂ ಉತ್ತರವೋ ಸರಿಯಾಗಿ ನೆನಪಿಲ್ಲ. ಒಂದು ರಾಷ್ಟ್ರಕ್ಕೆ ಪಿತೃವೆನಿಸಿಕೊಂಡವನಿಗೆ ತನ್ನ ಪಿತೃಗಳಲ್ಲಿ ತಿಳಿದಿದ್ದವರು ಮೂವರೇ.

ಹರ್ಡನು ಇಷ್ಟನ್ನು ಹಿಡಿದುಕೊಂಡು ಹೊರಟನು. ಇಂಗ್ಲೆಂಡಿನಲ್ಲಿ ಇಂಥ ಹುಡುಕಾಟಕ್ಕೆ ಇರುವ ಸಾಧನಗಳು ನಮ್ಮವರಿಗೆ ಅಸೂಯೆ ಹುಟ್ಟಿಸತಕ್ಕವು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಚರ್ಚಿನಲ್ಲಿಯೂ ದೀಕ್ಷಾಸ್ನಾನ, ಮದುವೆ, ಸಂಸ್ಕಾರ ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. ಅದಲ್ಲದೆ ಚರ್ಚಿನ ನೆಲದಲ್ಲಿಯೂ ಅಂಗಳದಲ್ಲಿಯೂ ಹೆಸರು ಕೊರೆದ ಸಮಾಧಿಯ ಕಲ್ಲುಗಳುಂಟು. ಆಸ್ತಿಯುಳ್ಳವರು ಬರೆದಿಟ್ಟ ಮರಣಶಾಸನಗಳು, ಎಂದರೆ ನಮ್ಮ ಕೋರ್ಟುಗಳ ಮಾತಿನಲ್ಲಿ ಉಯಿಲುಗಳು, ಧರ್ಮಾಧಿಕಾರಿಗಳ ನ್ಯಾಯಾಸ್ಥಾನಗಳಲ್ಲಿ ಪ್ರತಿಯಾಗಿ ಉಳಿದವು. ಖಾನೇಷುಮಾರಿ ಬಹಳ ತಡವಾಗಿ ಬಂದದ್ದು. ಇಂಗ್ಲೆಂಡಿನಲ್ಲಿ 1801ರಲ್ಲಿ ತಲೆಯೆಣಿಕೆ ಮೊದಲಾಯಿತು, ಮನೆಯಲ್ಲಿದ್ದ ಎಲ್ಲರ ಹೆಸರನ್ನೂ ಬರೆದು ಇಟ್ಟದ್ದು 1841ರಿಂದ.

ನಾರ್ಥ್ಯಾಂಪ್ಟನ್ ಸೀಮೆಯ ಗ್ರೇಟ್ ಬ್ರಿಂಗ್‌ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಲಾರೆನ್ಸ್ ವಾಷಿಂಗ್‌ಟನ್ ಎಂಬುವನ ಸಮಾಧಿಯ ಹಾಸುಗಲ್ಲು ಇದೆ. ಆತನು ಸಲ್‌ಗ್ರೇವಿನ ರಾಬರ್ಟ್ ವಾಷಿಂಗ್‌ಟನ್ನನ ಮಗನೆಂದೂ, 1616ರ ಡಿಸೆಂಬರಿನಲ್ಲಿ ಸತ್ತನೆಂದೂ, ಅವನಿಗೆ ಎಂಟು ಗಂಡು ಒಂಬತ್ತು ಹೆಣ್ಣು ಮಕ್ಕಳೆಂದೂ ಅದು ಹೇಳುತ್ತದೆ. ಕಲ್ಲಿನ ಮೇಲೆ ಎರಡು ಪಟ್ಟೆ, ಮೂರು ನಕ್ಷತ್ರಗಳ ಲಾಂಛನ. ಅಧ್ಯಕ್ಷನ ಮುದ್ರೆಯಲ್ಲಿದ್ದದ್ದೂ ಅದೇ. ಅಮೆರಿಕಾದ ಬಾವುಟ ಇದರಿಂದಲೇ ಹುಟ್ಟಿತೆಂದು ಹೇಳುವವರುಂಟು. ಅದಕ್ಕೆ ಆಧಾರವೇನೂ ಇಲ್ಲ. ಈ ಲಾರೆನ್ಸನ ಮಕ್ಕಳಲ್ಲಿ ಒಬ್ಬ ಜಾನ್, ಇನ್ನೊಬ್ಬ ಲಾರೆನ್ಸ್. ವರ್ಜೀನಿಯಾಕ್ಕೆ ಹೋದ ಅಣ್ಣತಮ್ಮಂದಿರೂ ಜಾನ್ ಮತ್ತು ಲಾರೆನ್ಸ್. ಲಾಂಛನ ಹೊಂದಿತು, ಹೆಸರು ಹೊಂದಿತು, ಕಾಲವೂ ಹೆಚ್ಚುಕಡಮೆ ಹೊಂದಿತು. ಇನ್ನೇನು ಬೇಕು? ಹರ್ಡನು ಎರಡು ಜೋಡಿಗಳನ್ನೂ ಒಂದೇ ಎಂದು ಎಣಿಸಿ ವಂಶವೃಕ್ಷವನ್ನು ಬರೆದನು. ಸೀಮೆಯ ಚರಿತ್ರೆ ಬರೆದವರು ಅದನ್ನು ಎತ್ತಿಕೊಂಡರು. ವಾಷಿಂಗ್‌ಟನ್ನನ ಚರಿತ್ರಕಾರರಾದ ಜೇರೆಡ್ ಸ್ಪಾರ್ಕ್ಸನೂ ವಾಷಿಂಗ್‌ಟನ್ ಇರ್ವಿಂಗನೂ ಅದನ್ನೇ ಅಚ್ಚುಹಾಕಿಸಿದರು. 1861ರಲ್ಲಿ ಚಾರ್ಲ್ಸ್ ಸಮ್ನರನು ಬ್ರಿಂಗ್‌ಟನ್ನಿನ ಕಲ್ಲುಗಳ ಪ್ರತಿಕೃತಿಗಳನ್ನು ಬಾಸ್ಟನ್ನಿನ ರಾಜ್ಯಸೌಧದಲ್ಲಿ ಇಡಿಸಿದನು. ಹೀಗೆ ಊಹೆಯೊಂದು ಎಪ್ಪತ್ತು ವರ್ಷಗಳಲ್ಲಿ ಕಲ್ಲಾಯಿತು.

ಕಲ್ಲಿನಲ್ಲಿ ಸುಳ್ಳಿಲ್ಲ. ಆದರೆ ಕಲ್ಲು ಹೇಳದ ಮಾತನ್ನು ಅದರ ಬಾಯಿಂದ ಹೇಳಿಸಿದ್ದು ತಪ್ಪು. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮಲ್ಲಿರುವಂತೆ ಅಲ್ಲಿಯೂ ಇತ್ತು. ವಾಷಿಂಗ್‌ಟನ್ನರ ಮನೆತನದಲ್ಲಿ ಲಾರೆನ್ಸರನ್ನು ಎಣಿಸುವುದಕ್ಕೆ ಬೆರಳು ಸಾಲದು. ನಮ್ಮ ಊರುಗಳಲ್ಲಿ ನಾಲ್ಕು ತಲೆಮಾರಿನ ಹಳೆಯ ಕ್ರಯಪತ್ರವೊಂದರಲ್ಲಿ ವೆಂಕಟಸುಬ್ಬಯ್ಯನೆಂಬ ಹೆಸರನ್ನು ಕಂಡು, ಆತನೇ ನಮ್ಮ ಮುತ್ತಾತನೆಂದು ಹಿಗ್ಗಿದವನ ಸ್ಥಿತಿಯೂ ಇದೇ. ಅದೇ ಊರಿನಲ್ಲಿ ಅದೇ ಕಾಲಕ್ಕೆ ಮೂವರು ವೆಂಕಟಸುಬ್ಬಯ್ಯಂದಿರಿರಬಹುದು.

ಈ ಊಹೆಯನ್ನು ಒಡೆದವನು ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ ಎಂಬ ಅಮೆರಿಕನ್. ಲಂಡನ್ನಿನಲ್ಲಿ ನೆಲೆಸಿ, ಚರ್ಚುಗಳ ಪುಸ್ತಕಗಳನ್ನು ದಿನವೂ ನಕಲು ಮಾಡುತ್ತ ಜೀವಮಾನವನ್ನು ಸವೆಸಿದವನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮದುವೆ, ಸಂಸ್ಕಾರ ಮುಂತಾದವುಗಳ ದಾಖಲೆಗಳನ್ನು ಶೋಧಿಸಿ 1876ರಲ್ಲಿ ಅಚ್ಚುಮಾಡಿಸಿದ ಕೀರ್ತಿ ಅವನದು. 1866ರಲ್ಲಿ ಆತನು ಒಂದು ಸಣ್ಣ ಪ್ರಶ್ನೆ ಕೇಳಿದನು: ಬ್ರಿಂಗ್‌ಟನ್ನಿನ ಲಾರೆನ್ಸನ ಈ ಇಬ್ಬರು ಮಕ್ಕಳು ಆಮೇಲೆ ಏನಾದರು? ಜಾನನು 1623ರಲ್ಲಿ ರಾಜನಿಂದ ‘ಸರ್’ ಪದವಿಯನ್ನು ಪಡೆದನು. ಇಸ್ಲಿಪ್ ಎಂಬಲ್ಲಿರುವ ಅವನ ಹೆಂಡತಿಯ ಸಮಾಧಿಯ ಬರಹವೇ ಅವಳನ್ನು ಸರ್ ಜಾನ್ ವಾಷಿಂಗ್‌ಟನ್ನನ ಪತ್ನಿಯೆಂದು ಕರೆಯುತ್ತದೆ. ವರ್ಜೀನಿಯಾದ ಜಾನನಾದರೋ ತನ್ನ ಉಯಿಲಿನಲ್ಲಾಗಲಿ ಬೇರೆ ಕಾಗದಗಳಲ್ಲಾಗಲಿ ಎಂದೂ ‘ಸರ್’ ಎಂದು ಹಾಕಿಕೊಂಡವನಲ್ಲ. ಬಿರುದುಳ್ಳವನು ಬಿರುದನ್ನು ಮನೆಯಲ್ಲಿ ಮರೆತು ಹಡಗನ್ನೇರುವುದುಂಟೆ? ಇನ್ನು ಲಾರೆನ್ಸನು ಆಕ್ಸ್‌ಫರ್ಡಿನಲ್ಲಿ ಓದಿ ಪಾದ್ರಿಯಾಗಿ ಎಸೆಕ್ಸ್ ಸೀಮೆಯ ಪರ್ಲೀ ಎಂಬಲ್ಲಿದ್ದವನು. ಅವನೂ ವರ್ಜೀನಿಯಾಕ್ಕೆ ಹೋದ ಲಾರೆನ್ಸನಲ್ಲ.

ಚೆಸ್ಟರನು ಹಳೆಯ ಮರವನ್ನು ಕಡಿದನು, ಹೊಸದನ್ನು ನೆಡಲಿಲ್ಲ. ಊಹೆಗಳು ಅವನಿಗಿರಲಿಲ್ಲವೆಂದಲ್ಲ, ಪ್ರಮಾಣ ದೊರೆಯದೆ ಬಾಯಿಬಿಡಲಿಲ್ಲ. ಹದಿನಾರು ವರ್ಷ ಹುಡುಕಿ 1882ರಲ್ಲಿ ತೀರಿಕೊಂಡನು. ಈ ಕಥೆಯಲ್ಲಿ ನಮಗೆ ಅತ್ಯಂತ ಪ್ರಿಯನಾದವನು ಇವನೇ. ತಿಳಿಯದೆ ಉಳಿದ ಸ್ಥಳವನ್ನು ಖಾಲಿಯಾಗಿಯೇ ಬಿಟ್ಟು ಹೋಗುವ ಧೈರ್ಯ ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ.

ಮರುವರ್ಷ, 1883ರಲ್ಲಿ, ಬಾಸ್ಟನ್ನಿನ ವಂಶಚರಿತ್ರ ಸಂಘವು ಸೇಲಂ ಪಟ್ಟಣದ ಹೆನ್ರಿ ವಾಟರ್ಸ್ ಎಂಬುವನನ್ನು ಇಂಗ್ಲೆಂಡಿಗೆ ಕಳುಹಿಸಿತು. ಚರ್ಚಿನಿಂದ ಚರ್ಚಿಗೆ ಅಲೆಯುವ ಬದಲು ವಾಟರ್ಸನು ಲಂಡನ್ನಿನ ಸಾಮರ್ಸೆಟ್ ಹೌಸಿನಲ್ಲಿ ಕುಳಿತು ಉಯಿಲುಗಳನ್ನು ಓದಿದನು. ಒಬ್ಬಿಬ್ಬರದಲ್ಲ, ಕಣ್ಣಿಗೆ ಬಿದ್ದವರೆಲ್ಲರದನ್ನೂ. ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡನು ಲಂಡನ್ನಿನ ಸೌತ್‌ವರ್ಕಿನ ಒಬ್ಬ ಕಸಾಯಿಯವನ ಮಗನೆಂಬುದು 1885ರಲ್ಲಿ ಹೊರಬಿದ್ದದ್ದು ಹೀಗೆಯೇ. ಅದುವರೆಗೆ ಆ ಮಹಾದಾನಿಯ ತಂದೆತಾಯಿಗಳು ಯಾರೆಂಬುದು ಆ ವಿದ್ಯಾಪೀಠಕ್ಕೇ ತಿಳಿದಿರಲಿಲ್ಲ.

ಉಯಿಲಿಗೂ ಸಮಾಧಿಯ ಕಲ್ಲಿಗೂ ಇರುವ ಅಂತರವನ್ನು ಇಲ್ಲಿ ಹೇಳಬೇಕು. ಕಲ್ಲನ್ನು ಬರೆಸುವವರು ಉಳಿದವರು. ಸತ್ತವನು ಹೇಗೆ ಕಾಣಬೇಕೆಂದು ಅವರಿಗೆ ಆಸೆಯೋ ಹಾಗೆ ಬರೆಸುತ್ತಾರೆ. ಉಯಿಲನ್ನು ಬರೆಯುವವನು ಸಾಯಲಿರುವವನು, ಅದನ್ನು ಓದುವವರು ಹಣಕ್ಕಾಗಿ ಕಾದಿರುವವರು. ಯಾರು ಹಿರಿಯ ಮಗ, ಯಾರು ಮದುವೆಯಾದ ಮಗಳು, ಯಾವ ಅಳಿಯನು ಸಾಲ ತೀರಿಸಿಲ್ಲ ಎಂಬುದರಲ್ಲಿ ಒಂದಕ್ಷರ ತಪ್ಪಿದರೂ ವ್ಯಾಜ್ಯ ಹುಟ್ಟುತ್ತದೆ. ಆದಕಾರಣ ಅಲ್ಲಿ ಬಾಂಧವ್ಯಗಳು ನಿಖರವಾಗಿರುತ್ತವೆ. ಸ್ವಂತ ಪೂರ್ವಿಕನ ಉಯಿಲಿಗಿಂತ ಮಕ್ಕಳಿಲ್ಲದ ಚಿಕ್ಕಪ್ಪನದೋ ದೂರದ ನಂಟನದೋ ಹೆಚ್ಚು ಉಪಯೋಗಕ್ಕೆ ಬರುವುದೂ ಉಂಟು. ಮಕ್ಕಳಿಲ್ಲದವನು ಎಲ್ಲರನ್ನೂ ನೆನೆಯುತ್ತಾನೆ.

ವಾಷಿಂಗ್‌ಟನ್ನನ ವಿಷಯದಲ್ಲಿ ಬೀಗದ ಕೈ ಸಿಕ್ಕಿದ್ದು ವಾಷಿಂಗ್‌ಟನ್ ಎಂಬ ಹೆಸರೇ ಇಲ್ಲದ ಒಬ್ಬನ ಉಯಿಲಿನಲ್ಲಿ. ಹರ್ಟ್‌ಫರ್ಡ್ ಸೀಮೆಯ ಟ್ರಿಂಗ್ ಎಂಬ ಊರಿನ ಆಂಡ್ರೂ ನೋಲಿಂಗನು 1650ರ ಜನವರಿಯಲ್ಲಿ ತನ್ನ ಮರಣಶಾಸನವನ್ನು ಬರೆದನು. ತಾನು ದೀಕ್ಷಾಸ್ನಾನದ ಕಾಲದಲ್ಲಿ ಧರ್ಮಪಿತೃವಾಗಿ ನಿಂತಿದ್ದ ಲಾರೆನ್ಸ್ ವಾಷಿಂಗ್‌ಟನ್ ಎಂಬ ಹುಡುಗನಿಗೆ ಜಮೀನು. ಆ ಹುಡುಗನ ತಾಯಿ ಆಂಫಿಲಿಸಳಿಗೂ, ಅವಳ ಮಕ್ಕಳಾದ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾ ಇವರಿಗೂ ಹಣ. ಆಂಫಿಲಿಸಳನ್ನು ಆತನು ಸೊಸೆಯೆಂಬರ್ಥದ ಇಂಗ್ಲಿಷ್ ಮಾತಿನಿಂದ ಕರೆದಿದ್ದಾನೆ. ಆ ಕಾಲದ ಇಂಗ್ಲಿಷಿನಲ್ಲಿ ಆ ಮಾತಿಗೆ ಮಲಮಗಳೆಂದೂ ಅರ್ಥ. ಅವಳ ತಾಯಿ ವಿಧವೆಯಾಗಿ ನೋಲಿಂಗನನ್ನು ಮದುವೆಯಾಗಿದ್ದಳು. ಇಂಥ ಕಡೆ ಕಾಲು ಜಾರುವುದು ಸುಲಭ. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ತಂದೆಯನ್ನೇ ‘ಅಣ್ಣ’ ಎಂದು ಕರೆಯುತ್ತಿದ್ದರು; ನೂರು ವರ್ಷಗಳ ಮೇಲೆ ಯಾರಾದರೂ ‘ಅಣ್ಣನವರಿಗೆ ಸಾಷ್ಟಾಂಗ ಪ್ರಣಾಮಗಳು’ ಎಂಬ ಕಾಗದವನ್ನು ಹಿಡಿದು ವಂಶವೃಕ್ಷ ಬರೆದರೆ ಒಂದು ತಲೆಮಾರೇ ಮಾಯವಾಗುತ್ತದೆ.

ಟ್ರಿಂಗ್ ಚರ್ಚಿನ ಪುಸ್ತಕವನ್ನು ತೆಗೆದು ನೋಡಿದಾಗ ಲಾರೆನ್ಸನ ದೀಕ್ಷಾಸ್ನಾನ 1635ರಲ್ಲಿ ಆಗಿತ್ತು. 1655ರ ಜನವರಿಯಲ್ಲಿ ‘ಶ್ರೀಮತಿ ವಾಷಿಂಗ್‌ಟನ್’ ಎಂಬವಳನ್ನು ಮಣ್ಣುಮಾಡಿದ ದಾಖಲೆಯೂ ಇತ್ತು. ವಾಟರ್ಸನಿಗೆ ಸಿಕ್ಕಿದ ಇನ್ನೊಂದು ಕಾಗದವೆಂದರೆ, ಉಯಿಲು ಬರೆಯದೆ ಸತ್ತ ಆಂಫಿಲಿಸಳ ಆಸ್ತಿಯನ್ನು ನೋಡಿಕೊಳ್ಳಲು ಅವಳ ಮಗ ಜಾನನಿಗೆ ಕೊಟ್ಟ ಅಧಿಕಾರಪತ್ರ. ತಾರೀಖು 1656ರ ಫೆಬ್ರವರಿ 8. ಮೂಲದಲ್ಲಿ 1655 ಎಂದಿದೆ. ಅಂದಿನ ಇಂಗ್ಲೆಂಡಿನಲ್ಲಿ ಸಂವತ್ಸರ ಬದಲಾಗುತ್ತಿದ್ದುದು ಮಾರ್ಚಿ 25ಕ್ಕೆ. ಅವರಿಗೂ ಯುಗಾದಿ ಹೆಚ್ಚುಕಡಮೆ ನಮ್ಮ ಕಾಲಕ್ಕೇ ಬರುತ್ತಿತ್ತೆಂದು ಇಟ್ಟುಕೊಳ್ಳಬಹುದು. ತಾಯಿಯ ಆಸ್ತಿಯ ವ್ಯವಹಾರಕ್ಕೆ ಕೈಹಾಕಿದ ಮರುವರ್ಷ, 1657ರ ಆದಿಯಲ್ಲಿ, ಜಾನ್ ವಾಷಿಂಗ್‌ಟನ್ನನು ಹಡಗಿನ ಅಧಿಕಾರಿಯಾಗಿ ವರ್ಜೀನಿಯಾದ ಪೊಟೋಮ್ಯಾಕ್ ನದಿಗೆ ಬಂದಿದ್ದನು. ಅಧ್ಯಕ್ಷನು ಹರ್ಡನಿಗೆ ಬರೆದಿದ್ದ ಇಸವಿಯೂ ಅದೇ.

ಈ ಮಕ್ಕಳ ತಂದೆ ಯಾರು? ಚೆಸ್ಟರನು ಬದಿಗಿಟ್ಟಿದ್ದ ಆ ಪಾದ್ರಿ ಲಾರೆನ್ಸನೇ. ಹರ್ಡನ ತಪ್ಪು ಒಂದು ತಲೆಮಾರಿನದು: ವಲಸೆ ಹೋದವರ ತಂದೆಯನ್ನೂ ದೊಡ್ಡಪ್ಪನನ್ನೂ ಆತನು ವಲಸೆ ಹೋದವರೆಂದೇ ತಿಳಿದನು. ಈ ಲಾರೆನ್ಸನು ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ಫೆಲೋ. ಫೆಲೋಗಳು ಮದುವೆಯಾದರೆ ಆ ಸ್ಥಾನವನ್ನು ಬಿಡಬೇಕಾಗಿತ್ತು. ಅವನ ವಿವಾಹದ ದಾಖಲೆ ದೊರೆತಿಲ್ಲ. ಟ್ರಿಂಗಿನ ಪುಸ್ತಕದಲ್ಲಿ ಹಿರಿಯ ಮಗ ಜಾನನ ದೀಕ್ಷಾಸ್ನಾನವೂ ಇಲ್ಲ. ಕಾರಣವನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು. ಮುಂದೆ ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಪಾರ್ಲಿಮೆಂಟಿನವರು ಈತನು ಹೆಂಡದಂಗಡಿಗಳಿಗೆ ಹೋಗುವವನೆಂದು ಆಪಾದಿಸಿ ಪರ್ಲೀಯಿಂದ ಹೊರಡಿಸಿದರು. ರಾಜಪಕ್ಷದ ಪಾದ್ರಿಗಳ ಮೇಲೆ ಇಂಥ ದೂರುಗಳು ಆಗ ಹೇರಳವಾಗಿದ್ದುವು. ಎಷ್ಟು ನಿಜವೋ ಎಷ್ಟು ಕಕ್ಷಿಯೋ. 1653ರ ಜನವರಿಯಲ್ಲಿ ಮಾಲ್ಡನ್ ಪಟ್ಟಣದಲ್ಲಿ ಅವನ ಸಂಸ್ಕಾರವಾಯಿತು. ಆತನ ತಂದೆಗೆ ಲಾಂಛನದ ಹಾಸುಗಲ್ಲು. ಅವನಿಗೆ ಪುಸ್ತಕದಲ್ಲಿ ಒಂದು ಸಾಲು. 1928ರಲ್ಲಿ ಅಮೆರಿಕಾದ ಮಾಲ್ಡನ್ನಿನವರು ಆ ಚರ್ಚಿಗೆ ಒಂದು ಬಣ್ಣದ ಗಾಜಿನ ಕಿಟಕಿಯನ್ನು ಕೊಟ್ಟರು.

1889ರಲ್ಲಿ ವಾಟರ್ಸನು ಇದನ್ನೆಲ್ಲ ಪ್ರಕಟಿಸಿದನು. ಅನಂತರ ವರ್ಜೀನಿಯಾದ ಕಡೆಯಿಂದ ಬೆಳಕಿಗೆ ಬಂದ ಒಂದು ಉಯಿಲು ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿತು. ವಲಸೆಗಾರ ಜಾನನು 1675ರ ತನ್ನ ಉಯಿಲಿನಲ್ಲಿ ತಂಗಿ ಮಾರ್ಥಾಳಿಗೆ ಹತ್ತು ಪೌಂಡು ಹಣವನ್ನೂ ನಾಲ್ಕು ಸಾವಿರ ಪೌಂಡು ತೂಕದ ಹೊಗೆಸೊಪ್ಪನ್ನೂ ಬಿಟ್ಟು, ಅವಳು ಸಮುದ್ರ ದಾಟಿ ಬಂದ ವೆಚ್ಚದ ಸಾಲವನ್ನು ಮನ್ನಾ ಮಾಡಿದ್ದನು. ಈ ಮಾರ್ಥಾ 1697ರಲ್ಲಿ ತಾನೂ ಒಂದು ಉಯಿಲು ಬರೆದಳು: ಇಂಗ್ಲೆಂಡಿನಲ್ಲಿರುವ ಹಿರಿಯಕ್ಕ ಎಲಿಜಬೆತ್ತಳಿಗೆ ಒಂದು ಟನ್ ಹೊಗೆಸೊಪ್ಪು, ಇನ್ನೊಬ್ಬ ಅಕ್ಕ ಮಾರ್ಗರೆಟ್ಟಳಿಗೆ ಒಂದು ಟನ್. ಎಲಿಜಬೆತ್, ಮಾರ್ಗರೆಟ್, ಮಾರ್ಥಾ: ನಲವತ್ತೇಳು ವರ್ಷಗಳ ಹಿಂದೆ ಟ್ರಿಂಗಿನ ಮುದುಕನು ಹೆಸರಿಸಿದ್ದ ಅದೇ ಮೂವರು ಹುಡುಗಿಯರು. ಗಂಡಸರ ಹೆಸರುಗಳು ಹರ್ಡನನ್ನು ದಾರಿ ತಪ್ಪಿಸಿದುವು. ವಂಶವೃಕ್ಷಗಳಲ್ಲಿ ಸಾಧಾರಣವಾಗಿ ಜಾಗವೇ ಸಿಕ್ಕದ ಹೆಣ್ಣುಮಕ್ಕಳು, ಒಬ್ಬಳು ಇನ್ನೊಬ್ಬಳಿಗೆ ಕಳುಹಿಸಿದ ಹೊಗೆಸೊಪ್ಪಿನಿಂದ, ಅದನ್ನು ಸರಿಪಡಿಸಿದರು.

ಹಾಗಾದರೆ ಉತ್ತರದ ಸೀಮೆಯವರೆಂಬ ಮನೆಮಾತು ಸುಳ್ಳೆ? ಅಧ್ಯಕ್ಷನಿಂದ ಹಿಂದಕ್ಕೆ ಎಣಿಸಿದರೆ ತಂದೆ, ತಾತ, ಮುತ್ತಾತ, ನಾಲ್ಕನೆಯವನು ಪಾದ್ರಿ, ಐದನೆಯವನು ಬ್ರಿಂಗ್‌ಟನ್ನಿನ ಕಲ್ಲಿನವನು, ಆರನೆಯವನು ರಾಬರ್ಟ್, ಏಳನೆಯವನು ಉಣ್ಣೆಯ ವ್ಯಾಪಾರ ಮಾಡಿ ನಾರ್ಥ್ಯಾಂಪ್ಟನ್ನಿನ ಮೇಯರಾಗಿ, ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ 1539ರಲ್ಲಿ ಸಲ್‌ಗ್ರೇವನ್ನು ಕೊಂಡುಕೊಂಡ ಲಾರೆನ್ಸ್. ಈ ಏಳನೆಯವನು ಬಂದದ್ದು ಲ್ಯಾಂಕಷೈರಿನ ವಾರ್ಟನ್ನಿನಿಂದ! ಕುಟುಂಬದ ಬಾಯಿಮಾತು ನಡುವಿನ ನೂರು ವರ್ಷಗಳನ್ನು ನುಂಗಿ, ಅದರ ಹಿಂದಿನ ಊರನ್ನು ಉಳಿಸಿಕೊಂಡಿತ್ತು. ನಮ್ಮ ನಾಡಿನ ಹೆಳವರು ಎತ್ತಿನ ಮೇಲೆ ಕುಳಿತು ಒಕ್ಕಲುಗಳ ಮನೆಬಾಗಿಲಿಗೆ ಬಂದು, ಮೂಲಪುರುಷನು ಯಾವ ಊರನ್ನು ಬಿಟ್ಟು ಬಂದನೆಂದು ಹೇಳುವಾಗ ಓದಿದವರು ನಗುವುದನ್ನು ನಾವು ಕಂಡಿದ್ದೇವೆ. ಅದನ್ನು ಹಾಗೆಯೇ ನಂಬುವುದು ಬೇಡ, ನಗುವುದೂ ಬೇಡ.

ಖಾನೇಷುಮಾರಿಯ ಮಾತು ಉಳಿದಿದೆ. ವಾಷಿಂಗ್‌ಟನ್ನರ ಈ ಹುಡುಕಾಟಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ. ಅಷ್ಟು ಹಿಂದಿನದು ಅದಲ್ಲ. ಆದರೆ ಅಮೆರಿಕಾದ ಮೊದಲ ಖಾನೇಷುಮಾರಿ ನಡೆದದ್ದು ವಾಷಿಂಗ್‌ಟನ್ನನ ಅಧ್ಯಕ್ಷತೆಯಲ್ಲಿಯೇ, 1790ರಲ್ಲಿ. ಒಟ್ಟು 39,29,214 ಜನ. ಲೆಕ್ಕ ಕಡಮೆಯಾಯಿತೆಂದು ಆತನಿಗೆ ಅಸಮಾಧಾನ. ಮನೆಯ ಯಜಮಾನನ ಹೆಸರು ಮಾತ್ರ ಬರೆದರು, ಉಳಿದವರು ಅಂಕೆಗಳು. ಕೊನೆಯ ಅಂಕಣ ಗುಲಾಮರದು, ಸುಮಾರು 7 ಲಕ್ಷ ಜನ. ಅರವತ್ತು ವರ್ಷಗಳ ಮೇಲೆ 1850ರಲ್ಲಿ ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆಯುವ ಪದ್ಧತಿ ಬಂದಾಗಲೂ, ಗುಲಾಮರಿಗೆ ಬೇರೆ ಪಟ್ಟಿ ಮಾಡಿ, ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಇಷ್ಟನ್ನು ಬರೆದರು. ಬಿಡುಗಡೆಯಾದ ಅವರೆಲ್ಲರ ಹೆಸರುಗಳು ಕಾಣುವುದು 1870ರ ಖಾನೇಷುಮಾರಿಯಲ್ಲಿ. ಆದುದರಿಂದ ಅವರ ಮೊಮ್ಮಕ್ಕಳು ಪೂರ್ವಿಕರನ್ನು ಹುಡುಕುತ್ತ ಹೊರಟರೆ 1870 ಒಂದು ಗೋಡೆ. ಅದರಾಚೆಗೆ ಸಮಾಧಿಯ ಕಲ್ಲಿಲ್ಲ, ಅವರ ಉಯಿಲಿಲ್ಲ. ಏಕೆಂದರೆ ಅವರೇ ಇನ್ನೊಬ್ಬರ ಉಯಿಲಿನಲ್ಲಿ ಹಸುಕರುಗಳ ಜೊತೆಗೆ ಬರೆದ ಆಸ್ತಿ. ಹನ್ನೊಂದು ವರ್ಷದ ಹುಡುಗ ಜಾರ್ಜ್ ವಾಷಿಂಗ್‌ಟನ್ನನಿಗೆ 1743ರಲ್ಲಿ ತಂದೆಯ ಉಯಿಲಿನಿಂದ ಬಂದದ್ದು ಜಮೀನು ಮತ್ತು ಹತ್ತು ಮಂದಿ ಗುಲಾಮರು.

ಆ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಕಿಂಡಿ ಇರುವುದು ಇಂಥ ಒಡೆಯರ ಕಾಗದಗಳಲ್ಲಿಯೇ. 1799ರ ಬೇಸಗೆಯಲ್ಲಿ ವಾಷಿಂಗ್‌ಟನ್ನನು ತನ್ನ ಮೌಂಟ್ ವರ್ನನ್ ಎಸ್ಟೇಟಿನಲ್ಲಿದ್ದ 317 ಮಂದಿ ಗುಲಾಮರ ಪಟ್ಟಿಯನ್ನು ತಯಾರಿಸಿದನು: ಹೆಸರು, ಕೆಲಸ, ಗಂಡನಾರು, ಹೆಂಡತಿ ಯಾವ ತೋಟದಲ್ಲಿದ್ದಾಳೆ, ಮಕ್ಕಳ ವಯಸ್ಸು. ಜುಲೈ 9ರಂದು ಸಹಿ ಮಾಡಿದ ಉಯಿಲಿನಲ್ಲಿ, ತನ್ನ ಹೆಂಡತಿಯ ಕಾಲವಾದ ಮೇಲೆ ತನ್ನ ಗುಲಾಮರಿಗೆ ಬಿಡುಗಡೆಯಾಗಬೇಕೆಂದು ವಿಧಿಸಿದನು. ಯುದ್ಧದಲ್ಲಿ ತನ್ನ ಜೊತೆಗಿದ್ದ ವಿಲಿಯಂ ಲೀ ಎಂಬುವನಿಗೆ ಕೂಡಲೇ ಬಿಡುಗಡೆ, ವರ್ಷಕ್ಕೆ ಮೂವತ್ತು ಡಾಲರು. ಆದರೆ ಆ 317ರಲ್ಲಿ ಅವನಿಗೆ ಸೇರಿದವರು ನೂರಿಪ್ಪತ್ತು ಚಿಲ್ಲರೆ. ಉಳಿದವರಲ್ಲಿ ಹೆಚ್ಚಿನವರು ಮಾರ್ಥಾ ವಾಷಿಂಗ್‌ಟನ್ನಳ ಮೊದಲ ಗಂಡನ ಆಸ್ತಿಗೆ ಸೇರಿದವರು. ಅವರನ್ನು ಬಿಡಿಸುವ ಹಕ್ಕು ಕಾನೂನಿನಲ್ಲಿ ಅವನಿಗಿರಲಿಲ್ಲ. ಮಾರ್ಥಾ ಬದುಕಿರುವಾಗಲೇ, 1801ರ ಜನವರಿ 1ರಂದು, ಅವನ ಪಾಲಿನವರು ಬಿಡುಗಡೆ ಹೊಂದಿದರು. ಮಾರ್ಥಾಳ ಪಾಲಿನವರು ಅವಳ ಮೊಮ್ಮಕ್ಕಳಿಗೆ ಪಾಲಾಗಿ ಹೋದರು.

ಮೌಂಟ್ ವರ್ನನ್ನಿನಲ್ಲಿ ವಾಷಿಂಗ್‌ಟನ್ನನ ಗೋರಿಯಿಂದ ಅಷ್ಟು ದೂರವಿಲ್ಲದ ಒಂದು ದಿಣ್ಣೆಯಲ್ಲಿ ಗುಲಾಮರನ್ನು ಮಣ್ಣುಮಾಡುತ್ತಿದ್ದರು. ಯಾವ ಗುಳಿಗೂ ಹೆಸರಿಲ್ಲ. 1929ರಲ್ಲಿ ಅಲ್ಲಿ ಒಂದು ಕಲ್ಲನ್ನಿಟ್ಟರು, 1983ರಲ್ಲಿ ಸ್ಮಾರಕ ಕಟ್ಟಿದರು. 2014ರಿಂದ ಪ್ರಾಕ್ತನಶೋಧಕರು ಅಸ್ಥಿಗಳನ್ನು ಅಲುಗಿಸದೆ, ಮೇಲಿನ ಮಣ್ಣನ್ನು ಕೆರೆದು ಗುಳಿಗಳ ಗುರುತನ್ನು ಎಣಿಸಿದರು. ಯಾವುದರಲ್ಲಿ ಯಾರಿದ್ದಾರೆಂಬುದು ಮಾತ್ರ ಹಾಗೆ ತಿಳಿಯುವುದಿಲ್ಲ. ಹೆಸರುಗಳಿರುವುದು 1799ರ ಪಟ್ಟಿಯಲ್ಲಿ. ಐಸಾಕ್, ಬಡಗಿ, ವಾಷಿಂಗ್‌ಟನ್ನನ ಪಾಲಿನವನು. ಅವನ ಹೆಂಡತಿ ಕಿಟ್ಟಿ, ಹಾಲುಮನೆಯ ಕೆಲಸದವಳು, ಮಾರ್ಥಾಳ ಪಾಲಿನವಳು. 1801ರಲ್ಲಿ ಅವನು ಸ್ವತಂತ್ರನಾದನು, ಅವಳಾಗಲಿಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಅವಳ ಹೆಸರು ಬರೆದಿದೆ.